ಓಟಿಗೆ ಚಿತ್ರ, ರೋಗಕ್ಕೆ ಬರೀ ಗೋಡೆ

ನಾವು ಮೂಡಲಪಾಳ್ಯದವರು. ನಮ್ಮ ಅಪ್ಪಂದಿರು ಗಾರೆ ಕೆಲಸಕ್ಕೆ, ಲೇತ್ ವರ್ಕ್‌ಷಾಪಿಗೆ ಹೋದವರು. ಅವ್ವಂದಿರು ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ ಹೋದವರು, ಊದುಬತ್ತಿ ಹೊಸೆದವರು. ಆ ಮನೆಗಳಲ್ಲಿ ಮೊದಲು ಡಿಗ್ರಿ ಹಿಡಿದವರು ನಾವು. ಓದು ಬಂದಿದ್ದಕ್ಕೆ ನಮ್ಮ ಪಾಲಿಗೆ ಬಿದ್ದ ಮೊದಲ ಕೆಲಸ ಏನು ಗೊತ್ತಾ? ಬೀದಿಯಲ್ಲಿ ಯಾರಿಗೆ ಕಾಯಿಲೆಯಾದರೂ ಜೊತೆಗೆ ಹೋಗಿ ಆಸ್ಪತ್ರೆಯ ಬೋರ್ಡು ಓದೋದು.

ಒಂದು ದಿನ ನಾವು ಜೊತೆಗಿರಲಿಲ್ಲ. ನಮ್ಮಲ್ಲೊಬ್ಬನ ಅವ್ವ ಚೀಟಿ ಹಿಡಿದು ಒಬ್ಬಳೇ ಹೋದಳು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಎಕ್ಸ್‌ರೇ ಕೋಣೆ ಹುಡುಕಿ ಎರಡು ಗಂಟೆ ಅಲೆದಳು. ಕೇಳಿದ್ದಕ್ಕೆ ಬಾಗಿಲು ಕಾಯುವವನು, "ಬೋರ್ಡು ಹಾಕವ್ರಲ್ಲ, ಕಣ್ಣು ಕಾಣಲ್ವಾ?" ಅಂದ. ಅವ್ವನ ಕಣ್ಣು ನೆಟ್ಟಗಿವೆ. ಈಗಲೂ ಸೂಜಿಗೆ ದಾರ ಪೋಣಿಸುವ ಕಣ್ಣು. ಅಕ್ಷರ ಬರಲ್ಲ, ಅಷ್ಟೆ. ಅವಳಿಗೆ ಅಕ್ಷರ ದಕ್ಕದಂತೆ ಮಾಡಿದವರು ಯಾರು ಅನ್ನೋದನ್ನ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಹನ್ನೊಂದು ದಿನ ವಾರ್ಡಿನಲ್ಲಿ ಮಲಗಿದಳು. ನಾವು ಸರದಿಯಂತೆ ಪಕ್ಕದಲ್ಲಿ ಕೂತೆವು, ಗೋಡೆ ಓದಿದೆವು. ಉಗುಳಬಾರದು. ಗಲಾಟೆ ಮಾಡಬಾರದು. ಹಾಸಿಗೆ ಮೇಲೆ ಕೂರಬಾರದು. ಬೆಂಚು ದಾನ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿ. ಅದರ ಪಕ್ಕ ಮಂತ್ರಿಗಳ ನಗುಮುಖ. ಬಡವನ ಜೊತೆ ಆ ಗೋಡೆ ಆಡುವ ಮಾತು ಇಷ್ಟೆ: ಒಂದೋ ಗದರಿಕೆ, ಇಲ್ಲ ಹಂಗು. ಅವ್ವ ಗೋಡೆ ಕಡೆ ತಿರುಗಲೇ ಇಲ್ಲ. ಮೇಲೆ ತಾರಸಿ ನೋಡ್ತಾ ಇದ್ದಳು. ಅಲ್ಲಿ ನೀರಿಳಿದು ಕರೆ ಕಟ್ಟಿತ್ತು. "ನಮ್ಮ ಹಟ್ಟಿ ಮುಂದ್ಲ ಹುಣಸೇಮರ ಇದ್ದಂಗೈತೆ ಕಣ್ಲಾ" ಅಂದಳು.

ಯಾರೂ ಕೊಡದ ಚಿತ್ರವನ್ನ ಆ ಮುದುಕಿ ಸೋರುವ ತಾರಸಿಯಲ್ಲಿ ತಾನೇ ಮಾಡಿಕೊಂಡಿದ್ದಳು.

ಬಡವರ ಆಸ್ಪತ್ರೆಗೆ ಚಿತ್ರ ಬೇಕು ಅಂದರೆ ತಿಳಿದವರು ನಗ್ತಾರೆ. ನಮ್ಮ ಸಂಗಾತಿಗಳೇ ಕೆಲವರು, "ಮೊದ್ಲು ಮಾತ್ರೆ ಕೊಡ್ಲಿ, ಆಮೇಲೆ ಚಿತ್ರ" ಅಂತಾರೆ. ಮಾತ್ರೆ ಮೊದಲು, ಒಪ್ಪಿದೆವು. ಹಾಸಿಗೆ, ನರ್ಸು, ನೀರು ಬರುವ ಕಕ್ಕಸು ಮೊದಲು. ಆದರೆ ಈ "ಆಮೇಲೆ" ಅನ್ನೋ ಮಾತು ನಮಗೆ ಹಳೆಯದು. ಅನ್ನ ಮೊದಲು, ಅಕ್ಷರ ಆಮೇಲೆ ಅಂತ ನಮ್ಮ ತಾತಂದಿರಿಗೂ ಹೇಳಿದ್ದರು. ಉಳ್ಳವರ ಆಸ್ಪತ್ರೆಗೆ ಹೋಗಿ ನೋಡಿ. ಬಾಗಿಲಲ್ಲೇ ಆಳೆತ್ತರದ ಚಿತ್ರ, ಹೂಕುಂಡ, ಮೆತ್ತನೆಯ ಬೆಳಕು. ಅಲ್ಲಿ ಅದು ಚಿಕಿತ್ಸೆ, ನಮಗಾದರೆ ಶೋಕಿ. ಇದು ಯಾವ ನ್ಯಾಯ?

ಇದು ಬರೀ ಕವಿಗಳ ಹುಚ್ಚು ಅನ್ನುವವರಿಗೆ ಲೆಕ್ಕ ಬೇಕಲ್ಲ, ತಗೊಳ್ಳಿ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. 23 ಮಂದಿಯ ಕಿಟಕಿಯಾಚೆ ಮರಗಳು, ಇನ್ನು 23 ಮಂದಿಗೆ ಇಟ್ಟಿಗೆ ಗೋಡೆ. ಮರ ನೋಡುತ್ತಾ ಮಲಗಿದವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು. ನೋವಿಗೆ ಅವರು ತಗೊಂಡ ಕಟುವಾದ ಮದ್ದೂ ಕಡಿಮೆ. ಅದು ಮರ, ಚಿತ್ರ ಅಲ್ಲ ಅಂತ ತಕರಾರು ತೆಗೀಬಹುದು. ಹಾಗಾದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ ವರದಿ ನೋಡಿ. 3,000ಕ್ಕೂ ಹೆಚ್ಚು ಅಧ್ಯಯನಗಳನ್ನ ಜಾಲಾಡಿ, ಆರೋಗ್ಯ ಕಾಯುವುದರಲ್ಲೂ ರೋಗಿಯ ಆರೈಕೆಯಲ್ಲೂ ಕಲೆಗೆ ಪಾತ್ರ ಉಂಟು ಅಂತ ಅದು ಹೇಳಿತು. ದಿನಗೂಲಿಯವನಿಗೆ ಮುಕ್ಕಾಲು ದಿನ ಅಂದರೆ ಏನು ಅಂತ ಎಸಿ ಕೋಣೆಯಲ್ಲಿ ಕೂತು ನಗುವವರು ಲೆಕ್ಕ ಹಾಕಲಿ.

ನಮ್ಮ ದೊಡ್ಡ ಪ್ರಶ್ನೆ ಬೇರೆ ಇದೆ. 1951ರ ಜನಗಣತಿಯಲ್ಲಿ ಈ ದೇಶದಲ್ಲಿ ಓದು ಬಲ್ಲವರು ನೂರಕ್ಕೆ 18 ಮಂದಿ. ಆದರೂ 1951-52ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಹೇಗೆ? ಪ್ರತಿ ಪಕ್ಷಕ್ಕೂ ಒಂದು ಚಿತ್ರ ಕೊಟ್ಟರು. ಜೋಡೆತ್ತು, ಗುಡಿಸಲು, ದೀಪ. ಅವ್ವಂದಿರ ಓಟು ಬೇಕಾದಾಗ ಅವರಿಗೆ ಅಕ್ಷರ ಬರಲ್ಲ ಅನ್ನೋದು ಸರ್ಕಾರಕ್ಕೆ ನೆನಪಾಯಿತು. ಅದೇ ಅವ್ವಂದಿರು ಎದೆ ಹಿಡಿದುಕೊಂಡು ಬಂದಾಗ ಮರೆತೇಹೋಯಿತು. ಎಕ್ಸ್‌ರೇ ಕೋಣೆ ಬಾಗಿಲ ಮೇಲೆ ಒಂದು ಮೂಳೆಯ ಚಿತ್ರ, ರಕ್ತ ಪರೀಕ್ಷೆಗೆ ಒಂದು ಕೆಂಪು ಹನಿ, ಹೆರಿಗೆ ವಾರ್ಡಿಗೆ ತಾಯಿ ಮಗು. ಒಂದು ಡಬ್ಬಿ ಬಣ್ಣಕ್ಕೆ ಎಷ್ಟಾಗ್ತದೆ ಸ್ವಾಮಿ?

ದುಡ್ಡು ಯಾರದು ಅಂತ ಕೇಳಬೇಡಿ, ನಮ್ಮದೇ. ಅಂಬೇಡ್ಕರ್ 1942ರಿಂದ 46ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದಾಗ, 1944ರಲ್ಲಿ, ಅದಾರ್ಕರ್ ವರದಿ ಬಂತು. ಅದರ ಬೆನ್ನಿಗೆ 1948ರಲ್ಲಿ ಇಎಸ್‌ಐ ಕಾಯ್ದೆ. ನಮ್ಮ ಪಕ್ಕದ ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆ ಎದ್ದು ನಿಂತಿರೋದು ಆ ಕಾಯ್ದೆಯ ಬಲದ ಮೇಲೆ. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ನೂರು ರೂಪಾಯಿ ಸಂಬಳಕ್ಕೆ ಕಾರ್ಮಿಕನಿಂದ 75 ಪೈಸೆ, ಮಾಲೀಕನಿಂದ 3 ರೂಪಾಯಿ 25 ಪೈಸೆ. ಇದು ದಾನ ಅಲ್ಲ, ದುಡಿಮೆ. ಮೆಕ್ಸಿಕೋ ನಗರದಲ್ಲೂ ಇಂಥದೇ ಒಂದು ವಿಮಾ ಆಸ್ಪತ್ರೆ ಇದೆ, ಲಾ ರಾಸಾ. ಅದರ ಗೋಡೆಗೆ 1953ರ ಸುಮಾರಿಗೆ ದಿಯೆಗೊ ರಿವೆರಾ ದೊಡ್ಡದೊಂದು ಭಿತ್ತಿಚಿತ್ರ ಬರೆದ. ಒಂದು ಕಡೆ ಮೂಲನಿವಾಸಿಗಳ ವೈದ್ಯ, ಇನ್ನೊಂದು ಕಡೆ ಇಂದಿನ ವೈದ್ಯ, ಒಳ್ಳೆಯ ಆರೋಗ್ಯ ಕೊಡಿ ಅಂತ ಒತ್ತಾಯಿಸುವ ಜನ. ರೋಗಿ ಅಲ್ಲಿ ಬೇಡುವವನಲ್ಲ, ಕೇಳುವವನು.

ಬರೆಯೋರು ಯಾರು? ದೊಡ್ಡ ಗ್ಯಾಲರಿಯವರನ್ನ ಕರೀಬೇಡಿ. 2009ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರನ್ನ ಹುಡುಕಿ, ರಸ್ತೆ ಬದಿಯ ಗೋಡೆಗಳಿಗೆ ಚಿತ್ರ ಬರೆಸಿತ್ತು. ಫ್ಲೆಕ್ಸ್ ಬಂದು ಕೈಕೆಲಸ ಕಳೆದುಕೊಂಡ ಜನ ಅವರು. ರಸ್ತೆಯಲ್ಲಿ ಕಾರಿನವರ ಕಣ್ಣಿಗೆ ಮಾಡಿದ್ದನ್ನ ವಾರ್ಡಿನಲ್ಲಿ ನಮ್ಮವರ ಕಣ್ಣಿಗೆ ಮಾಡಲಿ, ಕೂಲಿ ಕೊಟ್ಟು ಮಾಡಿಸಲಿ. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನಿಂದ ಚಿತ್ತಾರ ಬರೀತಾರೆ, ಅವರನ್ನೂ ಕರೀರಿ.

ಏನು ಬರೀಬೇಕು? ರಾಜರ ಮೆರವಣಿಗೆ ನಮಗೆ ಬೇಡ. 1897ರ ಪ್ಲೇಗಿನಲ್ಲಿ ರೋಗದ ಮಗುವನ್ನ ಹೊತ್ತು ತಂದು, ಅದೇ ರೋಗ ತಗುಲಿ ಸತ್ತ ಸಾವಿತ್ರಿಬಾಯಿ ಫುಲೆ ಬರಲಿ. ಬೆಳಗಿನ ಜಾವ ವಾರ್ಡು ತೊಳೆಯುವ ಆಯಾ ಬರಲಿ. ರಾಗಿ ಹೊಲ, ಕೆರೆ, ಹುಣಸೇಮರ ಬರಲಿ. ತಾರಸಿಗೂ ಬರೀರಿ, ಮಲಗಿದವರ ಪಾಲಿಗೆ ತಾರಸಿಯೇ ಗೋಡೆ.

ಒಂದು ಎಚ್ಚರ. ಬಿರುಕು ಮುಚ್ಚೋಕೆ, ಫೋಟೋ ತೆಗೆಸಿಕೊಳ್ಳೋಕೆ ಬಣ್ಣ ಬಳಿದರೆ ನಾವು ಸುಮ್ಮನಿರಲ್ಲ. ಮಾತ್ರೆ ಇಲ್ಲದ ಆಸ್ಪತ್ರೆಯ ಹೊಸ ಬಣ್ಣದ ಮೇಲೆ ಧಿಕ್ಕಾರ ಬರೆಯೋರೂ ನಾವೇ.

ಹಳ್ಳಿಯ ಮೇಷ್ಟ್ರೇ, ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯನ್ನ ಈ ವಾರವೇ ಒಮ್ಮೆ ಓದಿ ಬನ್ನಿ. ಗೆಳೆಯರೇ, ಅಕ್ಷರ ಬಾರದ ಒಬ್ಬ ತಾಯಿಯ ಹಿಂದೆ ಆಸ್ಪತ್ರೆ ಬಾಗಿಲಿಂದ ಎಕ್ಸ್‌ರೇ ಕೋಣೆವರೆಗೆ ನಡೆದು ನೋಡಿ. ಅವಳು ಎಲ್ಲೆಲ್ಲಿ ನಿಂತಳು ಅಂತ ಗುರುತು ಹಾಕಿಕೊಳ್ಳಿ. ನಮ್ಮ ಅರ್ಜಿ ಅಲ್ಲಿಂದಲೇ ಶುರು.