ರಾಗಿ ಪೊಟ್ಟಣದ ಮೇಲಿನ ಒಂದು ಸಾಲು

ಬೆಳ್ಳಾವಿ, ಗುಬ್ಬಿ, ಕುಣಿಗಲ್ ಸುತ್ತಿನ ಗಿರಣಿ ಮಾಲೀಕರು ರಾಗಿಹಿಟ್ಟು, ಹುರಿಹಿಟ್ಟು, ಮಾಲ್ಟ್‌ಗಳನ್ನು ಪೊಟ್ಟಣ ಕಟ್ಟಿ ಮಾರಲು ಹೊರಟಾಗ ‘ಮಧುಮೇಹಿಗಳಿಗೆ ಉತ್ತಮ’ ಎಂಬ ಸಾಲನ್ನು ಅಚ್ಚು ಹಾಕಿಸಬೇಕೆನಿಸುವುದು ಸಹಜ. ಆದರೆ 2018ರ ಆಹಾರ ಜಾಹೀರಾತು ನಿಯಮಾವಳಿಯು ಆರೋಗ್ಯ ಲಾಭದ ಪ್ರತಿಯೊಂದು ಮಾತಿಗೂ ವೈಜ್ಞಾನಿಕ ಆಧಾರವನ್ನು ಕೇಳುತ್ತದೆ. 2006ರ ಕಾಯ್ದೆಯ 53ನೇ ಕಲಮಿನಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಸಣ್ಣ ಗಿರಣಿ ಅಲ್ಲಿಗೇ ಮುಚ್ಚೀತು.

ಆಧಾರವೆಂದರೆ ಯಾವುದೋ ಒಂದು ಪ್ರಬಂಧವಲ್ಲ. ಪ್ರಶ್ನೆಯನ್ನು ಮೊದಲೇ ಗೊತ್ತುಮಾಡಿ, ಪ್ರಕಟವಾದ ಅಧ್ಯಯನಗಳೆಲ್ಲವನ್ನೂ ಕಲೆಹಾಕಿ, ಇಬ್ಬರು ಪ್ರತ್ಯೇಕವಾಗಿ ಜರಡಿ ಹಿಡಿಯುವ ಕ್ರಮಬದ್ಧ ಸಮೀಕ್ಷೆಗೆ ವಿಜ್ಞಾನದಲ್ಲಿ ಹೆಚ್ಚಿನ ಮನ್ನಣೆಯಿದೆ. ಇದಕ್ಕೆ ತಿಂಗಳುಗಟ್ಟಲೆ ಶ್ರಮ ಬೇಕು. ಕೃತಕ ಬುದ್ಧಿಮತ್ತೆಯ ಸಾಧನಗಳು ಈ ಶ್ರಮವನ್ನು ತಗ್ಗಿಸುತ್ತಿರುವುದು ನಿಜ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ‘ಎಎಸ್‌ರಿವ್ಯೂ’ ತಂತ್ರಾಂಶವು ಓದುಗನ ಆಯ್ಕೆಯನ್ನು ಕಲಿತು, ಸಂಬಂಧಪಟ್ಟ ಪ್ರಬಂಧಗಳನ್ನು ಮೊದಲಿಗೆ ತಂದಿಡುತ್ತದೆ. ತೀರ್ಪು ಮಾತ್ರ ಓದುಗನದೇ.

ಅಪಾಯವಿರುವುದು ಕೇಳಿದೊಡನೆ ಸಾರಾಂಶ ಒಪ್ಪಿಸುವ ಸಾಧನಗಳಲ್ಲಿ. ಇಲ್ಲದ ಪ್ರಬಂಧವನ್ನು ಸೃಷ್ಟಿಸುವ ಅವುಗಳ ಚಾಳಿ ಈಗ ಎಲ್ಲರಿಗೂ ತಿಳಿದಿದೆ. ಇರುವ ಪ್ರಬಂಧವನ್ನೇ ತಪ್ಪಾಗಿ ಓದುವುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ 2021ರಲ್ಲಿ ಪ್ರಕಟವಾದ ಸಮೀಕ್ಷೆಯು ಸಿರಿಧಾನ್ಯ ಮತ್ತು ಮಧುಮೇಹವನ್ನು ಕುರಿತ 80 ಅಧ್ಯಯನಗಳನ್ನು ಪರಿಶೀಲಿಸಿತು. ಅದರಲ್ಲಿ ಸಿರಿಧಾನ್ಯಗಳ ಸರಾಸರಿ ಗ್ಲೈಸೆಮಿಕ್ ಸೂಚ್ಯಂಕ 52.7, 55ಕ್ಕಿಂತ ಕೆಳಗಿರುವುದರಿಂದ ‘ಕಡಿಮೆ’ ವರ್ಗ. ಆದರೆ ಆ ವರ್ಗಕ್ಕೆ ಸೇರಿದವು ನವಣೆ, ಊದಲು ಮುಂತಾದವು. ರಾಗಿ, ಸಜ್ಜೆ, ಸಾಮೆ, ಹಾರಕ, ಜೋಳಗಳು ‘ಮಧ್ಯಮ’ ವರ್ಗದವು. ಪಾಲಿಶ್ ಅಕ್ಕಿ ಮತ್ತು ಮೈದಾಕ್ಕಿಂತ ಇವುಗಳ ಸೂಚ್ಯಂಕ ಕಡಿಮೆ. ಸರಾಸರಿಯನ್ನಷ್ಟೇ ಎತ್ತಿಕೊಟ್ಟ ಯಂತ್ರದ ಮಾತನ್ನು ನಂಬಿದ ಗಿರಣಿಯವನು ರಾಗಿಗೆ ನವಣೆಯ ಗುಣವನ್ನು ಅಚ್ಚು ಹಾಕಿಸಿದಂತಾಗುತ್ತದೆ. ಬೆಲ್ಲ ಬೆರೆಸಿದ ಮಾಲ್ಟ್ ಆದರಂತೂ ಲೆಕ್ಕವೇ ಬೇರೆ.

ಕಾಕ್ರೇನ್, ಕ್ಯಾಂಪ್‌ಬೆಲ್ ಮೊದಲಾದ ನಾಲ್ಕು ಅಂತರರಾಷ್ಟ್ರೀಯ ಸಂಸ್ಥೆಗಳು 2025ರಲ್ಲಿ ಹೊರಡಿಸಿದ ಜಂಟಿ ಹೇಳಿಕೆಯು ಇಂತಹ ಸಾಧನಗಳನ್ನು ನಿಷೇಧಿಸಿಲ್ಲ. ಬಳಸಿದ್ದನ್ನು ಬಹಿರಂಗಪಡಿಸಬೇಕು, ಹೊಣೆ ಸಮೀಕ್ಷಕರದೇ ಎಂದಿದೆ. ಪೊಟ್ಟಣದ ವಿಷಯದಲ್ಲಿ ಹೊಣೆ ತಯಾರಕನದು. ಒಬ್ಬೊಬ್ಬ ಗಿರಣಿ ಮಾಲೀಕನಿಂದ ಇಂತಹ ಪರಿಶೀಲನೆ ಆಗದ ಮಾತು. ಜಿಲ್ಲೆಯ ವಾಣಿಜ್ಯ ಸಂಸ್ಥೆಗಳು ಸದಸ್ಯರಿಂದ ಅಲ್ಪ ವಂತಿಗೆ ಸಂಗ್ರಹಿಸಿ, ಮೈಸೂರಿನ ಸಿಎಫ್‌ಟಿಆರ್‌ಐನಂತಹ ಸಂಸ್ಥೆಯ ತಜ್ಞರಿಂದ ರಾಗಿ ಉತ್ಪನ್ನಗಳ ಬಗ್ಗೆ ಒಂದು ಸಮೀಕ್ಷೆ ಮಾಡಿಸಬೇಕು. ಜರಡಿ ಹಿಡಿಯುವ ಕೆಲಸಕ್ಕೆ ಯಂತ್ರವನ್ನು ಧಾರಾಳವಾಗಿ ಬಳಸಲಿ. ವರದಿ ಕೈಸೇರುವವರೆಗೆ ಪೊಟ್ಟಣದ ಮೇಲೆ ಕಾನೂನು ಕೇಳುವ ವಿವರಗಳಷ್ಟೇ ಇರಲಿ.