ಗೊಂಬೆಮನೆಗೆ ಅಳತೆ ಮೊದಲು, ಪರ್ಸ್ ಆಮೇಲೆ

ಗೆಳತಿಯರೇ, ದಸರಾಕ್ಕೆ ಗೊಂಬೆ ಕೂರಿಸುವಾಗ ಪಕ್ಕದಲ್ಲೊಂದು ಪುಟ್ಟ ಅಡುಗೆಮನೆ ಜೋಡಿಸೋ ಆಸೆ ನಿಮಗೂ ಇರುತ್ತೆ ಅಲ್ವೇ? ಒಂದು ವರ್ಷ ನಾನೂ ಅತ್ತೆಯವರು ಕೊಟ್ಟ ಐದಿಂಚಿನ ಗೊಂಬೆಗಳಿಗೆ ಅಂತ ಹಿಂದೆಮುಂದೆ ನೋಡದೆ ಹಿತ್ತಾಳೆ ಪಾತ್ರೆ ಸೆಟ್ ತಂದೆ. ಮಗಳು ನೋಡಿ, "ಅಮ್ಮಾ, ಈ ಪಾತ್ರೇಲಿ ಗೊಂಬೆಗೇ ಸ್ನಾನ ಮಾಡಿಸಬಹುದು!" ಅಂದಳು. ದುಡ್ಡೂ ಹೋಯ್ತು, ಅಂದವೂ ಬರಲಿಲ್ಲ.

ಲೆಕ್ಕ ಸುಲಭ. ಗೊಂಬೆಮನೆಗಳಿಗೆ ಹೆಚ್ಚಾಗಿ ಬಳಸೋದು 1:12 ಅಳತೆ. ಅಂದರೆ ನಮ್ಮ ಒಂದು ಅಡಿ, ಅಲ್ಲಿ ಒಂದು ಇಂಚು. ಐದಡಿ ಹೆಂಗಸು ಐದಿಂಚು, ಅಡಿ ಎತ್ತರದ ಬಿಂದಿಗೆ ಒಂದೇ ಇಂಚು. ಗೊಂಬೆ ಎತ್ತರ ಬೇರೆಯಾದರೆ, ಅದರ ಐದನೇ ಒಂದು ಭಾಗವನ್ನೇ 'ಒಂದು ಅಡಿ' ಅಂತ ಹಿಡಿಯಿರಿ. ಚನ್ನಪಟ್ಟಣದ ಮರದ ಅಡುಗೆ ಸೆಟ್ ಕೊಳ್ಳುವಾಗಲೂ ಟೇಪ್ ಒಯ್ಯಿರಿ. ಅದು ಮಕ್ಕಳ ಕೈಗೆ ಮಾಡಿದ್ದು, ಗೊಂಬೆಯ ಕೈಗಲ್ಲ.

ಮಿಕ್ಕಿದ್ದು ಮನೆಯಲ್ಲೇ ಇದೆ. ಒಂದಿಂಚಿನ ಕೋಟಿನ ಗುಂಡಿ ಊಟದ ತಟ್ಟೆ, ಸೋಡಾ ಬಾಟಲಿಯ ಮುಚ್ಚಳ ಹಿಟ್ಟು ಕಲಸೋ ಪರಾತ. ಮೂರು ಬೆಂಕಿಪೊಟ್ಟಣ ಒಂದರ ಮೇಲೊಂದು ಅಂಟಿಸಿದರೆ ಡ್ರಾಯರ್ ಪೆಟ್ಟಿಗೆ. ಸಾಸಿವೆ ಕಾಳೇ ಜಾಮೂನು!

ಈ ಸಲ ಬೆಲೆ ನೋಡಿ ಮಾರುಹೋಗಬೇಡಿ. ಮಕ್ಕಳ ಕೈಗೊಂದು ಸ್ಕೇಲ್ ಕೊಡಿ. ಹಬ್ಬವೂ ಆಯ್ತು, ಗಣಿತವೂ ಆಯ್ತು.