ವಿದ್ಯುತ್ ಕಾರು ನಮ್ಮೂರಿಗಲ್ಲವೇ?

ಮನೆಯಲ್ಲಿ ಹೊಸ ಕಾರಿನ ಮಾತು ಎದ್ದಾಗ ಮಕ್ಕಳಲ್ಲೊಬ್ಬರು ವಿದ್ಯುತ್ ಕಾರಿನ ಹೆಸರೆತ್ತುತ್ತಾರೆ. ಕೂಡಲೇ ಹಿರಿಯರೊಬ್ಬರು, “ಅದೆಲ್ಲ ಬೆಂಗಳೂರಿನವರಿಗೆ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಲ್ಲ” ಎಂದು ತೀರ್ಪಿತ್ತು ಚರ್ಚೆಯನ್ನೇ ಮುಗಿಸಿಬಿಡುತ್ತಾರೆ. ಈ ತೀರ್ಪು ತಲೆಕೆಳಗಾದುದು ಎಂಬುದು ನನ್ನ ವಾದ. ಇಂತಹ ಕಾರಿಗೆ ತಕ್ಕ ಊರುಗಳು ಯಾವುವಾದರೂ ಇದ್ದರೆ ಅವು ನಮ್ಮವೇ.

ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ವಾಸಿಸುವವರನ್ನು ಕೇಳಿ ನೋಡಿ. ಕಾರು ನಿಲ್ಲುವುದು ನೆಲಮಾಳಿಗೆಯಲ್ಲಿ, ಮೀಟರು ಇನ್ನೆಲ್ಲೋ; ಒಂದು ಪ್ಲಗ್ ಹಾಕಿಸಲು ನಿವಾಸಿಗಳ ಸಂಘದ ಅಪ್ಪಣೆ ಬೇಕು. ಬಾಡಿಗೆದಾರನಾದರೆ ಕೇಳುವುದೇ ಬೇಡ. ನಮ್ಮಲ್ಲಿಯೋ ಸ್ವಂತ ಮನೆಯುಳ್ಳವರಿಗೆ ಅಂಗಳವಿದೆ, ಮುಂದಿನ ಗೋಡೆಯಲ್ಲೇ ಮೀಟರಿದೆ, ರಾತ್ರಿಯಿಡೀ ಕಾರು ಸುಮ್ಮನೆ ನಿಂತಿರುತ್ತದೆ. ಹದಿನೈದು ಆಂಪಿಯರಿನ ಸಾಕೆಟ್ಟಿನಲ್ಲಿ ನಾಲ್ಕು ಗಂಟೆ ಚಾರ್ಜ್ ಮಾಡಿದರೆ ಅರವತ್ತು ಕಿಲೋಮೀಟರಿಗೆ ಬೇಕಾದ ವಿದ್ಯುತ್ತು ಧಾರಾಳವಾಗಿ ದೊರೆಯುತ್ತದೆ. ಸಂಜೆ ಕರೆಂಟು ಹೋದರೂ ಬೆಳಗಿನೊಳಗೆ ಕೆಲಸ ಮುಗಿದಿರುತ್ತದೆ.

ಇನ್ನು ದೂರದ ಭಯ. ಹಾವೇರಿಯಿಂದ ರಾಣೇಬೆನ್ನೂರಿಗೆ ಮೂವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಬ್ಯಾಡಗಿ ಅದಕ್ಕಿಂತಲೂ ಸಮೀಪ. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗಿ ಮಾರುಕಟ್ಟೆಗೆ ಬಂದ ‘ರೇವಾ’ ಎಂಬ ಪುಟ್ಟ ಕಾರು ನೆನಪಿದೆಯೇ? ಸೀಸ-ಆಮ್ಲದ ಹಳೆಯ ಬಗೆಯ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರು ಎಂದು ಕಂಪನಿ ಹೇಳುತ್ತಿತ್ತು. ನಾವು ನಕ್ಕೆವು, ಲಂಡನ್ನಿನ ಜನ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅದನ್ನು ಕೊಂಡು ಓಡಿಸಿದರು. ಆ 80 ಕಿಲೋಮೀಟರಿನಲ್ಲೂ ರಾಣೇಬೆನ್ನೂರಿಗೆ ಹೋಗಿ ಬರುವ ಲೆಕ್ಕ ಕೂಡಿಬರುತ್ತಿತ್ತು! ಇಂದಿನ ಕಾರುಗಳ ಮಾತೇ ಬೇರೆ. ಜಾಹೀರಾತಿನ 300 ಕಿಲೋಮೀಟರು ರಸ್ತೆಯಲ್ಲಿ 200ಕ್ಕೆ ಇಳಿಯುತ್ತದೆಂದೇ ಇಟ್ಟುಕೊಳ್ಳೋಣ. ಆಗಲೂ ಅದು ನಮ್ಮ ನಿತ್ಯದ ಓಡಾಟದ ಮೂರರಷ್ಟಾಯಿತು. ವರ್ಷಕ್ಕೊಮ್ಮೆ ಬೆಂಗಳೂರಿನ ಮದುವೆಗೆ ಹೋಗುವ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದ ಮುನ್ನೂರ ಅರವತ್ತು ದಿನಗಳ ಕಾರನ್ನು ಆರಿಸುವುದು ಎಂತಹ ಜಾಣತನ? ಆ ಮದುವೆಗೆ ರೈಲಿದೆ; ನಮ್ಮ ಮೂರೂ ಊರುಗಳು ಒಂದೇ ಹಳಿಯ ಮೇಲಿವೆ.

ಹೈಬ್ರಿಡ್ ಕಾರನ್ನು ನಡುದಾರಿಯೆಂದು ಹೊಗಳುವವರಿದ್ದಾರೆ. ನಮ್ಮ ಬಿಡದಿಯಲ್ಲೇ ಅಂತಹ ಕಾರುಗಳು ತಯಾರಾಗುತ್ತವೆ, ಒಳ್ಳೆಯ ಕಾರುಗಳೇ. ಆದರೆ ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು ಮತ್ತೆ ಬಳಸುವುದು ಅವುಗಳ ದೊಡ್ಡ ಗುಣ. ನಿಂತು ನಿಂತು ಸಾಗುವ ನಗರದಲ್ಲಿ ಅದು ಲಾಭ. ಒಂದೇ ವೇಗದಲ್ಲಿ ಸಾಗುವ 48ನೆಯ ಹೆದ್ದಾರಿಯಲ್ಲಿ ಆ ಲಾಭ ಕರಗುತ್ತದೆ. ವಾರವಾರವೂ ಬೆಂಗಳೂರಿಗೆ ಓಡಾಡುವ ವ್ಯಾಪಾರಸ್ಥರಿಗೆ ಅದು ಒಪ್ಪೀತು. ತೆರಿಗೆಯೂ ಹಗುರವಲ್ಲ: 2025ರ ಸೆಪ್ಟೆಂಬರಿನ ಪರಿಷ್ಕರಣೆಯ ನಂತರವೂ ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ. 5, ಹೈಬ್ರಿಡ್‌ಗೆ ಗಾತ್ರದ ಮೇಲೆ ಶೇ. 18 ಇಲ್ಲವೇ ಶೇ. 40.

ನಮ್ಮ ಮನೆಗಳಲ್ಲಿ ನಿಜವಾಗಿ ತಡೆಯೊಡ್ಡುವ ಪ್ರಶ್ನೆ ಇನ್ನೊಂದಿದೆ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. 2023ರಿಂದ ಗೃಹಜ್ಯೋತಿಯ ಉಚಿತ ವಿದ್ಯುತ್ತು ಬರುತ್ತಿದೆ. 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲು ಕಟ್ಟಬೇಕು. ಕಾರಿನಿಂದ ಅದು ಕೈತಪ್ಪಿದರೆ? ಲೆಕ್ಕ ಹಾಕೋಣ. ಹಾವೇರಿಯಿಂದ ರಾಣೇಬೆನ್ನೂರಿನ ಶಾಲೆಗೆ ದಿನವೂ ಹೋಗಿ ಬರುವ ಶಿಕ್ಷಕಿಯೊಬ್ಬರು ತಿಂಗಳಿಗೆ ಸುಮಾರು 1,560 ಕಿಲೋಮೀಟರು ಓಡಿಸುತ್ತಾರೆನ್ನಿ. ಯೂನಿಟ್ಟಿಗೆ ಆರೂವರೆ ಕಿಲೋಮೀಟರಿನಂತೆ 240 ಯೂನಿಟ್. ಮನೆಯ ಬಳಕೆಯೂ ಸೇರಿ ಉಚಿತ ಸೌಲಭ್ಯ ತಪ್ಪುವುದು ಖಂಡಿತ. ಬಿಲ್ಲು ಎರಡೂವರೆಯಿಂದ ಮೂರು ಸಾವಿರ ಬಂದೀತು. ಆದರೆ ಲೀಟರಿಗೆ ಹದಿನಾರು ಕಿಲೋಮೀಟರು ಕೊಡುವ ಪೆಟ್ರೋಲ್ ಕಾರಿಗೆ ಅದೇ ದಾರಿಗೆ ತಿಂಗಳಿಗೆ ಹತ್ತು ಸಾವಿರದ ಸಮೀಪ! ಉಚಿತವನ್ನು ಕಳೆದುಕೊಂಡೂ ಏಳು ಸಾವಿರ ಉಳಿಸುವ ಈ ಮನೆಯವರು, ಉಚಿತವನ್ನು ಕಾಪಾಡಿಕೊಳ್ಳಲೆಂದು ಪೆಟ್ರೋಲ್ ಬಂಕಿನಲ್ಲಿ ಸಾಲು ನಿಲ್ಲುವುದನ್ನು ಮಿತವ್ಯಯ ಎನ್ನಬೇಕೇ?

ಇದೇ ಲೆಕ್ಕ ಕೆಲವರ ವಿರುದ್ಧವೂ ತಿರುಗುತ್ತದೆ. ದಿನಕ್ಕೆ ಹತ್ತು ಕಿಲೋಮೀಟರು, ಅಂದರೆ ಪೇಟೆಗೊಮ್ಮೆ, ಭಾನುವಾರ ಬಲಿಪೂಜೆಗೊಮ್ಮೆ ಎಂದು ಓಡಿಸುವವರಿಗೆ ತಿಂಗಳಿಗೆ ಉಳಿಯುವುದು ಸಾವಿರದೈನೂರು. ಎರಡು ಬಗೆಯ ಕಾರುಗಳ ಬೆಲೆಯ ಅಂತರ ಮೂರು ಲಕ್ಷವೆಂದು ಹಿಡಿದರೆ ಅದನ್ನು ತೀರಿಸಲು ಹದಿನಾರು ವರ್ಷಕ್ಕೂ ಹೆಚ್ಚು ಬೇಕು. ಶಿಕ್ಷಕಿಗೆ ನಾಲ್ಕು ವರ್ಷದೊಳಗೆ ತೀರುತ್ತದೆ. ಪರಿಸರದ ಹೆಸರಿನಲ್ಲಿ ಸಾಲ ಮಾಡಿ ತಂದು, ಹಾರ ಹಾಕಿ, ನೆರಳಿನಲ್ಲಿ ನಿಲ್ಲಿಸಿದ ಕಾರು ಯಾರ ಗಾಳಿಯನ್ನೂ ಶುದ್ಧ ಮಾಡದು. ಅಂಥವರು ಇರುವ ಹಳೆಯ ಕಾರನ್ನೇ ಇನ್ನಷ್ಟು ವರ್ಷ ಬಾಳಿಸಲಿ.

“ವಿದ್ಯುತ್ತೂ ಕಲ್ಲಿದ್ದಲಿನದೇ, ಹೊಗೆ ರಾಯಚೂರಿಗೆ ಹೋಯಿತಷ್ಟೆ” ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ನೆರೆಯ ಗದಗಿನ ಗಾಳಿಯಂತ್ರಗಳು, ಶರಾವತಿಯ ನೀರು, ಪಾವಗಡದ ಬಿಸಿಲು ಕೂಡ ಅದೇ ತಂತಿಗೆ ಸೇರುತ್ತವೆ. ಪೆಟ್ರೋಲಿಗೆ ಅಂತಹ ಇನ್ನೊಂದು ಮೂಲವಿಲ್ಲ. ಕಾಂಗೋ ದೇಶದಲ್ಲಿ ಮಕ್ಕಳಿಂದಲೂ ಅಗೆಸುವ ಕೋಬಾಲ್ಟಿನ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿಯಲ್ಲಿ ಕೋಬಾಲ್ಟ್ ಇರುವುದಿಲ್ಲ, ನಮ್ಮ ದೇಶದ ಹಲವು ಕಾರುಗಳಲ್ಲಿ ಇಂದು ಇರುವುದು ಅದೇ. ಯಾವ ಬಗೆಯದೆಂದು ಕೇಳಿಯೇ ಕೊಳ್ಳಿರಿ.

ಮಾರಾಟಗಾರರನ್ನು ಇನ್ನೆರಡು ಮಾತು ಕೇಳಬೇಕು. ಬ್ಯಾಟರಿಯ ಖಾತರಿ ಎಷ್ಟು ವರ್ಷ, ಎಷ್ಟು ಕಿಲೋಮೀಟರು? ದುರಸ್ತಿಗೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕೇ, ಅಥವಾ ಕೆಟ್ಟು ನಿಂತಲ್ಲಿಗೆ ಅವರೇ ಬರುತ್ತಾರೆಯೇ? ಉತ್ತರ ಬರಿಯ ಬಾಯಿಮಾತಾಗಿದ್ದರೆ ಮುಂಗಡ ಕೊಡಬೇಡಿ. ಕೊಡುವ ಮೊದಲು ಊರಿನ ಎಲೆಕ್ಟ್ರಿಷಿಯನ್ನನನ್ನು ಕರೆಸಿ ಮನೆಯ ಅರ್ಥಿಂಗ್ ಪರೀಕ್ಷಿಸಿಕೊಳ್ಳಿ. ನಮ್ಮ ಹಳೆಯ ಮನೆಗಳ ತಂತಿಗಳು ಮಿಕ್ಸಿಯ ಕಾಲದವು.